ಅಣೆಕಟ್ಟಿನ ಬಾಗಿಲಿಗೆ ಎರಡು ಗಡುವು

ನೆರಳುಶಕ ನೂರಾ ಹನ್ನೆರಡು, ಮೂರನೆಯ ಬೇಸಿಗೆ, ಅಮಾವಾಸ್ಯೆಯ ಮಾರನೆಯ ದಿನ
ಹಿರೇಕಟ್ಟೆ, ಕೃಷ್ಣೆಯ ಒಣ ಪಾತ್ರ

ನನ್ನ ಅಕ್ಕನ ಮಗಳ ವಂಶದಲ್ಲಿ ಇನ್ನೂ ಹುಟ್ಟಬೇಕಾದವರಿಗೆ,

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲಕ್ಕೆ ಯಾವ ಮಾತು ಉಳಿದಿರುತ್ತದೋ ತಿಳಿಯದು, ಬಿಡಿಸಿಯೇ ಹೇಳುತ್ತೇನೆ. ನೆರಳುಶಕವೆಂದರೆ ಊರಿನ ಮೇಲೆ ಮೊದಲ ಬಟ್ಟೆಚಪ್ಪರ ಹಾಸಿದ ವರ್ಷದಿಂದ ನಾವು ಮಾಡುವ ಎಣಿಕೆ. ಮದುವೆ, ಸಂತೆ, ಜಗಳ ಎಲ್ಲವೂ ಆ ಚಪ್ಪರದಡಿಯಲ್ಲೇ; ಬಿಸಿಲಿಗೆ ತಲೆ ಕೊಟ್ಟವನು ಸಂಜೆಯೊಳಗೆ ಹಾಸಿಗೆ ಹಿಡಿಯುತ್ತಾನೆ. ನೀರನ್ನು ಒಂಟೆಗಳು ಹೊತ್ತು ತರುತ್ತವೆ. ನಾನು ಮುದ್ದಪ್ಪ, ಆ ಒಂಟೆಗಳ ದಲಾಲಿ. ಬರಿಗೈಲಿ ಬಂದು ಬಾಯಿಂದಲೇ ಬೆಳೆದವನು. ನಮ್ಮ ಸಂತೆಯಲ್ಲಿ ಬೆಲೆಯನ್ನು ಕೂಗಿ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಕೊಳ್ಳುವವನಿಗೆ ಒಂದು, ಮಾರುವವನಿಗೆ ಇನ್ನೊಂದು. ನಡುವಿನ ಅಂತರವನ್ನು ಮೆಲ್ಲಗೆ ಕೂಡಿಸಿ ಸೌದಾ ಮುಗಿಸುವುದೇ ದಲಾಲಿಯ ಜಾಣತನ.

ಹಳೆಯ ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗದಲ್ಲಿ ಮರುಹೊಳೆಯವರೆಂಬ ಪಂಥ ಸೇರಿಕೊಂಡಿತ್ತು. ಕಬ್ಬಿಣ ಕೂಗಿದ ದಿನ ಹೊಳೆ ಮರಳಿ ಬಂದು ಲೋಕವನ್ನು ತೊಳೆಯುತ್ತದೆ, ಒಳಗಿದ್ದವರು ಮಾತ್ರ ಉಳಿಯುತ್ತಾರೆ ಎಂದು ಅವರ ಹಿರಿಯ ಕಲ್ಲೇಶಯ್ಯ ಹೇಳಿದ್ದ. ಊರಿನ ನೀರನ್ನೆಲ್ಲ ಒಳಗಿನ ತೊಟ್ಟಿಗೆ ಸಾಗಿಸಿ ಅಗಳಿ ಹಾಕಿಕೊಂಡರು. ತಡೆಯಲು ಹೋದ ಪೊಲೀಸನೊಬ್ಬ ಗುಂಡೇಟಿಗೆ ಸತ್ತ. ಒಳಗಿದ್ದವರಲ್ಲಿ ನನ್ನ ಅಕ್ಕ ಶಾವಂತ್ರೆವ್ವ ಒಬ್ಬಳು. ಜ್ವರ ಬಂದಿದ್ದರಿಂದ ಅವಳ ಕೂಸು ಹೊನ್ನವ್ವ ನನ್ನ ಮನೆಯಲ್ಲಿ ಉಳಿದಿತ್ತು.

ಮುತ್ತಿಗೆ ಹಾಕಿದ್ದ ಪೊಲೀಸ್ ಅಧಿಕಾರಿ ರಜಿಯಾ ನದಾಫ ನನ್ನನ್ನು ಕರೆಸಿದಳು. "ಮುದ್ದಪ್ಪಣ್ಣಾ, ಕುಂಟ ಒಂಟಿ ಮಾರೂ ಬಾಯಿ ನಿಂದು. ಅವ್ರನ್ನ ಹೊರಗ ಕರ್ಯಾಕ ಆಗೂದಿಲ್ಲೇನು?"

ಎದೆಯುಬ್ಬಿಸಿಕೊಂಡೇ ಬಾಗಿಲಿನ ಕಿಂಡಿಗೆ ಹೋದೆ. ಕಲ್ಲೇಶಯ್ಯ ನಕ್ಕ. "ಏನಲೇ ದಲಾಲಿ, ಹೊಳೀ ಮ್ಯಾಲೂ ಕಮಿಷನ್ ಹೊಡಿಯಾಕ ಬಂದೀಯೇನು?" ಆಮೇಲೆ ದನಿ ತಗ್ಗಿಸಿ ಹೇಳಿದ: "ಅಮಾಸಿ ತನಕ ಬಿಡ್ರಿ. ಆಗೂ ಹೊಳೀ ಬರ್ಲಿಲ್ಲಂದ್ರ ನಾನ ಅಗಳಿ ತಗೀತೀನಿ."

ಅವನ ಹಿಂದಿನಿಂದ ಅಕ್ಕ ಕೇಳಿದಳು: "ಹೊನ್ನಿ ಉಂಡಾಳೇನೋ ತಮ್ಮಾ?"

"ಉಂಡಾಳವಾ. ನೀ ಬಾ."

"ಅಮಾಸಿ ಆಗ್ಲಿ."

ಅಮಾವಾಸ್ಯೆಯವರೆಗೆ ರಜಿಯಾ ಕಾಯಲಾರಳೆಂದು ನಾನೇ ಅಂದಾಜು ಕಟ್ಟಿದೆ. ಅವಳಿಗೆ "ಸಂತಿ ದಿನ ತಗೀತಾರ" ಎಂದೆ. ಒಳಗಿನವರಿಗೆ "ಅಮಾಸಿ ತನಕ ಯಾರೂ ಬರೂದಿಲ್ಲ" ಎಂದೆ. ಸಂತೆ ಬರುವುದು ಅಮಾವಾಸ್ಯೆಗಿಂತ ಎಷ್ಟೋ ಮೊದಲು. ಹಸಿವು ಅವರನ್ನು, ಬಿಸಿಲು ಪೊಲೀಸರನ್ನು ಮೆತ್ತಗೆ ಮಾಡುತ್ತದೆ, ಅಂತರ ತಾನಾಗಿ ಕೂಡುತ್ತದೆ ಎಂಬುದು ನನ್ನ ಲೆಕ್ಕ. ಇಬ್ಬರೂ ನನ್ನನ್ನು ನಂಬಿದರು. ಒಂಟೆ ಕೊಳ್ಳಲು ಬಂದವರು ಯಾರೂ ನನ್ನನ್ನು ಹಾಗೆ ನಂಬಿದ್ದಿಲ್ಲ.

ಸಂತೆಯ ದಿನ ಬಾಗಿಲು ತೆರೆಯಲಿಲ್ಲ. ಮೋಸ ಹೋದೆನೆಂದು ತಿಳಿದ ರಜಿಯಾ ಕಬ್ಬಿಣ ಕೊಯ್ಯುವ ಯಂತ್ರ ಹಚ್ಚಿಸಿದಳು. ಬ್ಯಾಡ್ರೀ ಎಂದು ಒದರುತ್ತ ಓಡಿದೆ. ಆ ಸದ್ದಿನಲ್ಲಿ ನನ್ನ ಬಾಯಿಗೆ ಕಿಮ್ಮತ್ತಿರಲಿಲ್ಲ. ಒಳಗಿದ್ದವರಿಗೆ ಕೇಳಿಸಿದ್ದು ಕಬ್ಬಿಣದ ಕೂಗು. ಹೊಳೆಯನ್ನು ಎದುರುಗೊಳ್ಳಲು ಅವರೇ ತೊಟ್ಟಿಯ ತೂಬು ಎತ್ತಿದರು; ಮುಚ್ಚಿದ ಸುರಂಗ ನೀರಿನಿಂದ ತುಂಬಿಹೋಯಿತು. ಬಾಗಿಲು ಬಿದ್ದಾಗ ಮೊದಲು ನೀರು ಬಂತು, ಅದರ ಹಿಂದೆ ಅವರು. ಒಬ್ಬರಲ್ಲೂ ಜೀವವಿರಲಿಲ್ಲ. ಅಕ್ಕನ ಕಣ್ಣು ತೆರೆದೇ ಇದ್ದವು.

ನನ್ನ ಎರಡು ಗಡುವುಗಳ ಸಂಗತಿ ಕೇಳಿ ರಜಿಯಾ ನೆಲದ ಮೇಲೆ ಕೂತುಬಿಟ್ಟಳು. "ಅಮಾಸಿ ಅಂತ ಖರೇ ಹೇಳಿದ್ರ ನಾ ಕಾಯ್ತಿದ್ನಲ್ಲೋ ಅಣ್ಣಾ."

ಈಗ ಸಂತೆಯಲ್ಲಿ ಜನ ಹೇಳುವುದೇ ಬೇರೆ: ಕಬ್ಬಿಣ ಕೂಗಿತು, ನೀರು ಬಂತು, ಕಲ್ಲೇಶಯ್ಯನ ಮಾತು ನಿಜವಾಯಿತು. ಮೇಲಿನ ಅಣೆಕಟ್ಟಿನಲ್ಲಿ ಹೊಸದಾಗಿ ನಂಬಿದವರು ಒಳಸೇರಲು ಇನ್ನೊಂದು ಸುರಂಗ ಗುಡಿಸುತ್ತಿದ್ದಾರಂತೆ. ಹೊಳೆ ಬಿಟ್ಟುಹೋದ ಕೂಸೆಂದು ಹೊನ್ನವ್ವನ ಕಾಲು ಮುಟ್ಟಲು ಹೆಂಗಸರು ಮನೆಗೆ ಬರುತ್ತಾರೆ. ನಿಮ್ಮ ಮನೆಗೂ ಬರುತ್ತಾರೆ, ಆರತಿ ಹಿಡಿದು. ಹೊಳೆ ಬಂದಿರಲಿಲ್ಲ, ದಲಾಲಿಯೊಬ್ಬ ಸುಳ್ಳು ಹೇಳಿದ್ದ ಎಂದು ಅವರಿಗೆ ಹೇಳಿ. ಮನೆತನದ ಮಾನವೆಂದು ನನ್ನ ಹೆಸರು ಮುಚ್ಚಬೇಡಿ.

ಹೊನ್ನವ್ವ ಈಗಷ್ಟೇ ಮಾತು ಕಲಿಯುತ್ತಿದ್ದಾಳೆ, ನನ್ನನ್ನು ಮಾಮಾ ಎನ್ನುತ್ತಾಳೆ. ಅವಳಿಗೆ ನಾನೇ ಹೇಳಬೇಕು. ಆಗದೆ ಹೋದರೆ, ನಿಮ್ಮ ಮಕ್ಕಳಿಗಾದರೂ ನೀವು ಹೇಳಿ.

ಮುದ್ದಪ್ಪ