ಬೆಂಕಿಗುಡ್ಡೆ ನೋಡಿ ಬಂದ ಮೇಲೆ

ಬಿಜೈ, ಮಂಗಳೂರು
ತಾ. 11-5-1958, ಆದಿತ್ಯವಾರ

ಪ್ರೀತಿಯ ಜಲಜಾ,

ನಾನು ಊರು ಸೇರಿ ಮೂರು ವಾರ ಆಯಿತು. ಬಿಜೈಯಿಂದ ಉಳ್ಳಾಲಕ್ಕೆ ಅಂಚೆಯಲ್ಲಿ ಕಾಗದ ಹಾಕುವ ಮರ್ಲು ಯಾರಿಗಾದರೂ ಉಂಟಾ ಎಂದು ನೀನು ಕೇಳಬಹುದು. ಒಂದು ಕಡವು ದಾಟಿದರೆ ನಿನ್ನ ಮನೆ. ಎರಡು ಸಲ ಹೊರಟು ಕಡವಿನ ತನಕ ಬಂದೆ. ಮೊದಲನೆಯ ಸಲ ದೋಣಿ ಆಚೆ ದಡದಲ್ಲಿತ್ತು. ಬಿಸಿಲು ಜೋರುಂಟು ಎಂದು ನನಗೆ ನಾನೇ ನೆಪ ಹೇಳಿಕೊಂಡು ಹಿಂದಿರುಗಿದೆ. ಎರಡನೆಯ ಸಲ ದೋಣಿ ಈಚೆಯೇ ಇತ್ತು. ದೋಣಿಯ ಕಮರುದ್ದೀನ್ "ಬನ್ನಿ ನರ್ಸಮ್ಮ, ಕೈ ಹಿಡೀರಿ" ಎಂದು ಕೈ ಚಾಚಿದ. "ಒಂದು ಸಾಮಾನು ಮರೆತು ಬಂದೆ ಮಾರಾಯ" ಎಂದು ಸುಳ್ಳು ಹೇಳಿ ತಿರುಗಿ ನಡೆದೆ. ಪಾಪ, ಅವನು ನನಗಾಗಿ ಸ್ವಲ್ಪ ಹೊತ್ತು ಕಾದನೋ ಏನೋ.

ತಡವಾದದ್ದಕ್ಕೆ ಕ್ಷಮಿಸು. ನಮಗೆ ಬಾಯಲ್ಲಿ ತುಳು, ಕಾಗದದಲ್ಲಿ ಕನ್ನಡ, ಶಾಲೆಯಲ್ಲಿದ್ದಾಗಿನಿಂದ ಹಾಗೆಯೇ. ಈಗ ತುಳುವಿನಲ್ಲಿ ಬಾಯಿ ಬರುತ್ತಿಲ್ಲ, ಅದಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬರ್ನಡೆಟ್‌ಗೆ ನನ್ನ ಮೇಲೆ ಸಿಟ್ಟುಂಟಾ?" ಎಂದು ನೀನು ನಮ್ಮ ಮನೆಗೆಲಸದ ದೇಯಿಯ ಹತ್ತಿರ ಕೇಳಿದೆಯಂತೆ. ಅವಳು ನನ್ನ ಮುಖ ನೋಡಿ ಉಂಟು ಅಂತಲೇ ತಿಳಿದಿದ್ದಾಳೆ. ಅದಕ್ಕೆ ಉತ್ತರ ಬರೆಯುತ್ತೇನೆ, ಸ್ವಲ್ಪ ತಾಳು. ಮೊದಲು ಎಲ್ಲವನ್ನೂ ಕ್ರಮವಾಗಿ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನಿಂದ ಆಗುವುದಿಲ್ಲ.

ನನ್ನ ಮೈ ಇನ್ನೂ ಹಡಗಿನಲ್ಲೇ ಇದ್ದ ಹಾಗೆ ಉಂಟು. ಕುಳಿತರೆ ನೆಲ ಅಲ್ಲಾಡುತ್ತದೆ. ಕಾಲು ಬಾತಿದೆ, ಒತ್ತಿದರೆ ಗುಂಡಿ ಬೀಳುತ್ತದೆ. ಮೂವತ್ತು ವರ್ಷ ಬೇರೆಯವರ ಕಾಲು ಒತ್ತಿ ನೋಡಿದ ನರ್ಸ್ ನಾನು, ಈಗ ನನ್ನದನ್ನೇ ಒತ್ತಿ ನೋಡಿ ಸೀರೆ ಇಳಿಸಿಕೊಳ್ಳುತ್ತೇನೆ. ಸೆಕೆ ಬೇರೆ. ಅಮ್ಮನ ಮಂಚ ಹಾಗೆಯೇ ಉಂಟು. ದೇಯಿ ಹಾಸಿಗೆ ಬಿಚ್ಚಿ ಬಿಸಿಲಿಗೆ ಹಾಕಿ ಮಡಚಿಟ್ಟಿದ್ದಾಳೆ. ನಾನು ಕಳಿಸಿದ ಚಿತ್ರದ ಕಾರ್ಡುಗಳನ್ನು ಅಲ್ತಾರಿನ ಮೇಲೆ ಯೇಸುವಿನ ಪಟದ ಹತ್ತಿರ ಸಾಲಾಗಿ ನಿಲ್ಲಿಸಿದ್ದಾಳೆ. ಐದು ಕಾರ್ಡು. ಬೊಂಬಾಯಿಯಿಂದ ಹಾಕಿದ ಒಂದನ್ನು ಮಾತ್ರ ನೀನು ಅಮ್ಮನಿಗೆ ಓದಿ ಹೇಳಿದ್ದಂತೆ. ಉಳಿದ ನಾಲ್ಕು ಬರುವಾಗ ಕೇಳುವವರು ಇರಲಿಲ್ಲ.

ತಮ್ಮ ವಿಲ್ಲಿ ಟಾಂಗಾನಿಕಾದ ಮೋಶಿಯಲ್ಲಿ ಕತ್ತಾಳೆ ತೋಟದ ಸ್ಟೋರು ನೋಡಿಕೊಂಡು ಹದಿನೆಂಟು ವರ್ಷವಾಯಿತು, ನಿನಗೆ ಗೊತ್ತು. "ಬಾಯ್, ನೀನು ಈಗ ರಿಟಾಯರ್. ಒಮ್ಮೆ ಬಾ, ಸೆವರಿನ್ ಮಾಸ್ಟ್ರ ಬೆಂಕಿಗುಡ್ಡೆ ತೋರಿಸ್ತೇನೆ" ಎಂದು ಅವನು ಈ ಅಕ್ಕನಿಗೆ ಬರೆದಾಗ ನಾನು ನಿನಗೆ ಆ ಕಾಗದ ಓದಿ ತೋರಿಸಿದ್ದೆ. ಐದನೇ ಕ್ಲಾಸಿನಲ್ಲಿ ಮಾಸ್ಟ್ರು ಕೆಂಪು ಸೀಮೆಸುಣ್ಣದಿಂದ ಜ್ವಾಲಾಮುಖಿ ಬರೆದಾಗ ನೀನು ಹೆದರಿ ನನ್ನ ಕೈ ಹಿಡಿದುಕೊಂಡೆ, ನಾನು "ಒಂದು ದಿನ ಇದನ್ನು ನೋಡಿಯೇ ನೋಡ್ತೇನೆ" ಎಂದೆ. ನಲವತ್ತೈದು ವರ್ಷ ನೀನು ಅದನ್ನೇ ಹಿಡಿದು ತಮಾಷೆ ಮಾಡಿದ್ದೀ. "ಎಂತ ನರ್ಸಮ್ಮ, ಗುಡ್ಡೆ ಇನ್ನೂ ಸಿಗಲಿಲ್ಲವಾ?"

ಹೊರಡುವ ಬೆಳಿಗ್ಗೆ ಅಮ್ಮನ ಮಂಚದ ಹತ್ತಿರ ಮೊಣಕಾಲೂರಿ ಆಶೀರ್ವಾದ ಕೇಳಿದೆ. ಲಕ್ವ ಹೊಡೆದ ಬಲಗೈ ಎತ್ತಲು ಆಗಲಿಲ್ಲ, ಎಡಗೈಯಲ್ಲೇ ನನ್ನ ಹಣೆಗೆ ಶಿಲುಬೆ ಹಾಕಿದರು. "ಎಲ್ಲ ನೋಡಿಕೊಂಡೇ ಬಾ ಮಗಾ. ಅವಸರ ಮಾಡಬೇಡ" ಎಂದರು. ಹಡಗು ಹೊಯ್ದಾಡಿದಾಗೆಲ್ಲ ಆ ಮಾತನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಅದು ಜನವರಿ ಆರು. ಅಮ್ಮ ಹೋದದ್ದು ಫೆಬ್ರವರಿ ನಾಲ್ಕು. ನನಗೆ ತಿಳಿದದ್ದು ಮಾರ್ಚ್ ಎರಡು.

ನಡುವಿನ ಆ ಇಪ್ಪತ್ತಾರು ದಿನ ನಾನು ಎಂತ ಮಾಡುತ್ತಿದ್ದೆ ಎಂದು ಬರೆಯುತ್ತೇನೆ.

ನಾನು ಮೋಶಿ ತಲುಪಿ ಹತ್ತು ದಿನ ಮನೆಯಲ್ಲೇ ಕುಳಿತಿದ್ದೆ. ವಿಲ್ಲಿಗೆ ರಜೆ ಇರಲಿಲ್ಲ. ಫೆಬ್ರವರಿ ಐದರ ಸಂಜೆ ಅವನು ಕೆಲಸದಿಂದ ಬೇಗ ಬಂದ. ಮುಖ ಬಿಳಿಚಿತ್ತು. "ರಜೆ ಸಿಕ್ಕಿತು, ನಾಳೆಯೇ ಹೊರಡುವ" ಎಂದ. ನಾನು ಅವನ ಹೆಂಡತಿ ಹೆಲನ್‌ಗೆ, "ಇವನಿಗೆ ಮಲೇರಿಯಾ ಶುರುವಾಗಿದೆ, ನಾಡಿ ನೋಡುತ್ತೇನೆ" ಎಂದೆ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಬುದ್ಧಿ ಓಡಲಿಲ್ಲ ಜಲಜಾ.

ಮೊದಲು ದೊಡ್ಡ ಬಾಣಲೆಯಂಥ ಒಂದು ಜಾಗಕ್ಕೆ ಕರೆದುಕೊಂಡು ಹೋದ. ಗೊರೊಂಗೊರೊ ಅಂತ ಅದರ ಹೆಸರು. ಕೆಂಪು ಧೂಳು ತಿಂದು, ಸೊಂಟ ಮುರಿದುಕೊಂಡು, ಅಂಚಿಗೆ ಹೋಗಿ ನಿಂತು ಬಗ್ಗಿ ನೋಡಿದರೆ ಒಳಗೆ ಹುಲ್ಲು. ಕೆರೆ. ಕಾಡೆಮ್ಮೆಗಳು ಮೇಯುತ್ತಿವೆ. "ಇದೇ ಜ್ವಾಲಾಮುಖಿಯಾ? ನಮ್ಮ ಗದ್ದೆಗೂ ಇದಕ್ಕೂ ಎಂತ ವ್ಯತ್ಯಾಸ?" ಎಂದು ಕೇಳಿದೆ. "ಲಕ್ಷಗಟ್ಟಲೆ ವರ್ಷದ ಹಿಂದೆ ಇತ್ತು ಬಾಯ್, ಈಗ ಆರಿದೆ" ಎಂದ ವಿಲ್ಲಿ. "ಆರಿದ ಒಲೆ ನೋಡಲು ಇಷ್ಟು ದೂರ ಬರಬೇಕಿತ್ತಾ?" ಎಂದು ನಾನು ನಕ್ಕೆ. ಆಗ ಅವನು ಫೋಟೊ ತೆಗೆದ. ನಾನು ಆ ಹಳದಿ ಸೀರೆ ಉಟ್ಟಿದ್ದೇನೆ, ಬಾಯಿ ಪೂರಾ ತೆರೆದು ನಗುತ್ತಿದ್ದೇನೆ. ಫೋಟೊದ ಹಿಂದೆ ತಾರೀಕು ಬರೆದಿದ್ದಾನೆ, ಫೆಬ್ರವರಿ ಏಳು. ಅಮ್ಮನನ್ನು ಮಣ್ಣು ಮಾಡಿ ಎರಡು ದಿನ. ನಮ್ಮವರಲ್ಲಿ ಆಗ ಹೆಣ್ಣುಮಕ್ಕಳು ಕಪ್ಪು ಉಟ್ಟು ಕೋಣೆಯಿಂದ ಹೊರಗೆ ಬರುವುದಿಲ್ಲ.

ಆಮೇಲೆ ಕಿಲಿಮಂಜಾರೊದ ಬುಡದ ಕಾಡು. ನಮ್ಮ ಚಾರ್ಮಾಡಿಯ ಕಾಡು ನೋಡಿದ ನನಗೆ ಕಾಡು ಹೊಸತಲ್ಲ, ಆದರೆ ಅಲ್ಲಿ ಮಳೆ ನಿಂತ ಮೇಲೂ ಮರ ಸುರಿಯುತ್ತಲೇ ಇರುತ್ತದೆ. ಕೊಂಬೆ ಕೊಂಬೆಗೆ ಪಾಚಿ ಜೋತುಬಿದ್ದಿದೆ. ಕಪ್ಪು ಮೈಗೆ ಬಿಳಿ ಶಾಲು ಹೊದ್ದ ಮಂಗಗಳು ಮೇಲಿನಿಂದ ನಮ್ಮನ್ನು ನೋಡುತ್ತವೆ. ಎರಡು ಮೈಲು ನಡೆಸಿ ಒಂದು ಜಲಪಾತ ತೋರಿಸಿದ. ಜಾರಿ ಬಿದ್ದು ಮೊಣಕೈ ತರಚಿತು. ಮತ್ತೆ ಒಂದು ಕೆರೆ, ಅದರ ತುಂಬ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿಗಳು. ಮತ್ತೆ ನೆಲದಿಂದ ಕುದಿಯುತ್ತ ಬರುವ ನೀರು. ಎಲ್ಲ ಚೆಂದವೇ. ಆದರೆ ಒಂದು ದಿನ ಬಿಡುವು ಬೇಡವಾ? ಚೀಲ ಬಿಚ್ಚಬೇಕು, ಕಟ್ಟಬೇಕು, ಕಾರು ಹತ್ತಬೇಕು. "ಸಾಕು ವಿಲ್ಲಿ, ನನಗೆ ಮನೆಯಲ್ಲಿ ಕುಳಿತು ಗಂಜಿ ಉಂಡರೆ ಸಾಕು" ಎಂದರೆ, "ಹೊಗೆ ಬರುವ ಗುಡ್ಡೆ ಒಂದುಂಟು ಬಾಯ್, ಅದೊಂದು ನೋಡಿ ಆಗಲಿ" ಎನ್ನುತ್ತಿದ್ದ. ಅವನ ದನಿಯಲ್ಲಿ ಉತ್ಸಾಹ ಇರಲಿಲ್ಲ, ಯಾರೋ ವಹಿಸಿದ ಕೆಲಸ ಮುಗಿಸುವವನ ಹಾಗೆ ಹೇಳುತ್ತಿದ್ದ.

ನಡುವೆ ಒಂದು ವಾರದ ದಿನ ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸಿ ಇಗರ್ಜಿಗೆ ಕರೆದುಕೊಂಡು ಹೋದರು. "ಇವತ್ತು ಎಂತ ಹಬ್ಬ?" ಎಂದು ಕೇಳಿದೆ. "ಹಾಗೇ, ಒಂದು ಪೂಜೆ ಇಡಿಸಿದ್ದೇವೆ" ಎಂದಳು ಹೆಲನ್. ಅದು ಅಮ್ಮನ ಆತ್ಮಕ್ಕೆ ಇಡಿಸಿದ ಪೂಜೆ. ಹಿಂದಿನ ದಿನದ ಕಾರಿನ ಸುಸ್ತಿಗೆ ನಾನು ಪೂರ್ತಿ ಆಕಳಿಸುತ್ತ ಕುಳಿತಿದ್ದೆ.

ಇಲ್ಲಿಗೆ ಬರೆದು ಎದ್ದು ಹೋಗಿ ಮುಖ ತೊಳೆದು ಬಂದೆ. ದೇಯಿ ಚಾ ತಂದಿಟ್ಟು "ಇನ್ನೂ ಎಷ್ಟು ಬರೀತೀರಿ?" ಎಂದು ಗದರಿ ಹೋದಳು.

ಮಾರ್ಚ್ ಎರಡರ ಮಧ್ಯಾಹ್ನ ಕೊನೆಗೂ ಹೊಗೆ ಬರುವ ಗುಡ್ಡೆ ನೋಡಿದೆ. ಅಲ್ಲಿಯ ಮಸಾಯಿ ಜನ ಅದನ್ನು ದೇವರ ಗುಡ್ಡೆ ಎನ್ನುತ್ತಾರಂತೆ. ಬೋಳು ಗುಡ್ಡೆ, ನೆತ್ತಿಯಲ್ಲಿ ಸುಣ್ಣ ಹಚ್ಚಿದ ಹಾಗೆ ಬಿಳಿ, ಅಲ್ಲಿಂದ ಅಡುಗೆಮನೆಯ ಹಂಚಿನ ಸಂದಿಯಿಂದ ಬರುವಷ್ಟು ಹೊಗೆ. ಬೆಂಕಿ ಇಲ್ಲ. ಕೆಂಪು ಇಲ್ಲ. ಸೆವರಿನ್ ಮಾಸ್ಟ್ರು ನಮಗೆ ಸುಳ್ಳು ಹೇಳಿದರು ಎಂದು ನಿನಗೆ ಬರೆಯಬೇಕೆಂದು ಅಲ್ಲೇ ನಿಶ್ಚಯ ಮಾಡಿದ್ದೆ. ವಿಲ್ಲಿ ಮಾತ್ರ ಉಸ್ಸೆಂದು ಕಲ್ಲಿನ ಮೇಲೆ ಕುಳಿತು, "ನೋಡಿ ಆಯಿತಲ್ಲ ಬಾಯ್? ಸರಿಯಾಗಿ ನೋಡಿದೆಯಲ್ಲ?" ಎಂದು ಎರಡೆರಡು ಸಲ ಕೇಳಿದ.

ಸಂಜೆ ಮುಸಾಫಿರ್ ಬಂಗಲೆಯಲ್ಲಿ ಜಪಮಾಲೆ ಹಿಡಿದು ತೇರ್ಸಿಗೆ ಮೊಣಕಾಲೂರಿದೆವು. ನೀನು ಸಣ್ಣವಳಿರುವಾಗ ನಮ್ಮ ಜಗಲಿಯಲ್ಲಿ ಕುಳಿತು ನಮ್ಮ ಜಪ ಮುಗಿಯುವುದನ್ನು ಕಾಯುತ್ತಿದ್ದೆಯಲ್ಲ. ಕೊನೆಯಲ್ಲಿ ಮನೆಯ ಸತ್ತವರ ಹೆಸರು ಒಂದೊಂದೇ ಹೇಳಲು ಶುರುವಾದರೆ, ಇನ್ನು ಆಟಕ್ಕೆ ಬಿಡುತ್ತಾರೆ ಎಂದು ಎದ್ದು ನಿಲ್ಲುತ್ತಿದ್ದೆ. ಅವತ್ತು ವಿಲ್ಲಿ ಹೇಳಿಸುತ್ತಿದ್ದ. ನಾನಿರುವಾಗ ಇಷ್ಟು ದಿನ ಜಾಗ್ರತೆಯಿಂದ ಹೇಳಿದವನು ಅವತ್ತು ದಣಿದಿದ್ದ, ಕಣ್ಣು ಮುಚ್ಚಿದ್ದ. ಅಪ್ಪನ ಹೆಸರು ಹೇಳಿದ. ಬಾಸಿಲ್ ಮಾವನ ಹೆಸರು ಹೇಳಿದ. ಆಮೇಲೆ ಅದೇ ರಾಗದಲ್ಲಿ, "ನಮ್ಮ ಅಮ್ಮನ ಆತ್ಮಕ್ಕೆ" ಎಂದ.

ನಾನು ಅಭ್ಯಾಸದಂತೆ "ಆಮೆನ್" ಎಂದೆ. ಹೇಳಿ ಆದ ಮೇಲೆ ನನಗೆ ಕೇಳಿಸಿತು.

ಹೆಲನ್ ನನ್ನನ್ನು ಹಿಡಿದುಕೊಂಡಳು. ವಿಲ್ಲಿ ನೆಲಕ್ಕೆ ಹಣೆ ಹಚ್ಚಿ ಅತ್ತ. ನಾನು ಅವನಿಗೆ ಹೊಡೆದೆ ಜಲಜಾ. ನಲವತ್ತನಾಲ್ಕು ವರ್ಷದ ಗಂಡಸಿಗೆ ಬೆನ್ನಿಗೆ ಗುದ್ದಿದೆ. "ನನ್ನನ್ನು ಮಂಗನ ಹಾಗೆ ಕುಣಿಸಿದೆಯಲ್ಲೋ" ಎಂದೆ. ಅವನು ಪರ್ಸಿನಿಂದ ತಂತಿ ತೆಗೆದು ಕೊಟ್ಟ. "ಊರಿನಿಂದಲೇ ಹಾಗೆ ಬಂತು ಬಾಯ್. ನಾನಾಗಿ ಮುಚ್ಚಿಟ್ಟದ್ದಲ್ಲ" ಎಂದ. ಅಮ್ಮ ತೀರಿಹೋದರು, ಬರ್ನಡೆಟ್ ಗುಡ್ಡೆ ನೋಡಿ ಆಗುವ ತನಕ ಹೇಳಬೇಡಿ ಎಂದು ಅದರಲ್ಲಿತ್ತು. ಕೆಳಗೆ ನಿನ್ನ ಹೆಸರು.

ಹೇಳಿದ್ದರೂ ನಾನು ಮಣ್ಣಿಗೆ ಬಂದು ಮುಟ್ಟುತ್ತಿರಲಿಲ್ಲ, ಗೊತ್ತುಂಟು. ಹಡಗಿನಲ್ಲಿ ಜಾಗ ಸಿಗಲು ವಾರಗಟ್ಟಲೆ ಕಾಯಬೇಕು, ಮತ್ತೆ ಹನ್ನೆರಡು ದಿನದ ದಾರಿ. ತಿಂಗಳ ಪೂಜೆಗೂ ಮುಟ್ಟುತ್ತಿದ್ದೆನೋ ಇಲ್ಲವೋ. ವಿಲ್ಲಿ ಕೇಳಿದ, "ಜಲಜಕ್ಕ ಯಾಕೆ ಹಾಗೆ ಬರೆದರು? ಗುಡ್ಡೆ ಅಂತ ಯಾಕೆ?" ನಾನು "ಗೊತ್ತಿಲ್ಲ" ಎಂದೆ. ಇಲ್ಲಿ ದೇಯಿ ಕೇಳಿದಳು, ಪಾದ್ರಿಗಳು ಕೇಳಿದರು. ಎಲ್ಲರಿಗೂ ಗೊತ್ತಿಲ್ಲ ಎಂದೇ ಹೇಳಿದೆ. ನೀನು ಮಾಡಿದ್ದು ತಪ್ಪೆಂದು ಅವರೆಲ್ಲ ತಿಳಿದುಕೊಂಡರು, ನಾನು ತಿಳಿದುಕೊಳ್ಳಲು ಬಿಟ್ಟೆ.

ನನಗೆ ನಿನ್ನಿಂದ ಬೇಕಾದದ್ದು ಒಂದೇ. ಆ ದಿನ ನೀನು ಹತ್ತಿರ ಇದ್ದೆ. ಅಮ್ಮ ನನ್ನನ್ನು ಕೇಳಿದರಾ? ದೇಯಿಯನ್ನು ವಿಚಾರಿಸಿದರೆ "ಎರಡು ಚಮಚ ಗಂಜಿ ಕುಡಿದರು, ಮತ್ತೆ ಮಾತಿಲ್ಲ" ಎನ್ನುತ್ತಾಳೆ. ನೀನು ಇದ್ದದ್ದನ್ನು ಇದ್ದ ಹಾಗೆ ಬರೆ.

ನಿನ್ನ ಯಜಮಾನರು ಮಹಾಬಲಣ್ಣನಿಗೆ ನನ್ನ ನಮಸ್ಕಾರ ಹೇಳು, ಅವರ ಉಬ್ಬಸಕ್ಕೆ ರಾತ್ರಿ ಮೊಸರು ಬೇಡ. ಮಗಳು ಆಶಾಲತಾ ಎರಡನೆಯದಕ್ಕೆ ಬಸುರಿಯಂತೆ, ದೇಯಿ ಹೇಳಿದಳು. ಅವಳನ್ನು ಈ ಭೂಮಿಗೆ ಎತ್ತಿಕೊಂಡ ಕೈ ನನ್ನದು, ಅವಳ ಮಗುವನ್ನೂ ಎತ್ತಿಕೊಳ್ಳುವ ಶಕ್ತಿ ದೇವರು ಕೊಟ್ಟರೆ ಸಾಕು. ನಿನ್ನ ಮನೆಯ ಎಲ್ಲರನ್ನೂ ಅವನು ಕಾಯಲಿ.

ನಿನ್ನ
ಬರ್ನಡೆಟ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಬಿಚ್ಚಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲು ನನಗೆ ಎಂತ ಹಕ್ಕುಂಟು? ಹೊರಡುವ ಹಿಂದಿನ ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ನಿನಗೆ ಹಾಗೆ ಹೇಳಿದವಳು ನಾನೇ. "ಹನ್ನೊಂದು ವರ್ಷ ಇವರ ಹೇಲು ಉಚ್ಚೆ ಬಾಚಿ ನನಗೆ ಸಾಕಾಗಿ ಹೋಗಿದೆ. ನಾನು ಅಲ್ಲಿರುವಾಗ ಇವರು ಸತ್ತರೂ ನನಗೆ ಹೇಳಬೇಡ ಜಲಜಾ, ಆ ಗುಡ್ಡೆ ಒಂದು ನೋಡಿ ಆಗುವ ತನಕ ಹೇಳಬೇಡ" ಎಂದು ನಿನ್ನ ಕೈ ಹಿಡಿದು ಭಾಷೆ ತೆಗೆದುಕೊಂಡೆ. ತುಳುವಿನಲ್ಲಿ ಹೇಳಿದೆ. ನಮ್ಮ ಮನೆಮಾತು ಕೊಂಕಣಿಯಾದರೂ ಅಮ್ಮನಿಗೆ ತುಳು ಚೆನ್ನಾಗಿ ಬರುತ್ತಿತ್ತು. ಮರುದಿನ ಬೆಳಿಗ್ಗೆ ಅವರು "ಎಲ್ಲ ನೋಡಿಕೊಂಡೇ ಬಾ, ಅವಸರ ಮಾಡಬೇಡ" ಎಂದರು. ಅವರ ಮಂಚದ ಕಿಟಕಿ ಇರುವುದು ಜಗಲಿಗೇ. ನಾನು ಅದಕ್ಕೆ ಬೆನ್ನು ಹಾಕಿ ಕುಳಿತಿದ್ದೆ, ನೀನು ಎದುರು ಕುಳಿತಿದ್ದೆ. ಕಿಟಕಿ ತೆರೆದಿತ್ತಾ ಜಲಜಾ? ಈ ಸಲ ನನ್ನಿಂದ ಮುಚ್ಚಿಡಬೇಡ.