‘ನಾಳೆ’ ಎಂದು ಬರೆದ ರಟ್ಟು

ಗುರುವಾರ, ಮಧ್ಯಾಹ್ನ
ಶೆಡ್ಡಿನಿಂದ

ಪ್ರೀತಿಯ ಅಮ್ಮಾ,

ಮೊನ್ನೆ ಫೋನಿನಲ್ಲಿ ನೀನು "ಎಲ್ಲಾ ಸರಿ ಇದೆ ತಾನೇ?" ಎಂದು ಕೇಳಿದೆ. ನಾನು "ಹ್ಞೂಂ" ಎಂದೆ. ಸರಿ ಇಲ್ಲ. ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿಗೆ ಬರುವುದು ಅದೊಂದೇ ಪದ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮುಂದೆ ನಾನು ಅಷ್ಟೇನೂ ಪುಕ್ಕಲಿ ಅಲ್ಲ.

ನೀನು ಬಿಟ್ಟುಹೋದ ಕೆಲಸ ಈಗ ನನ್ನದಾಗಿದೆ ಎಂದು ನಿನಗೆ ಗೊತ್ತು. ಕಾಲೇಜಿನ ಗೆಳತಿಯೊಬ್ಬಳು ಈಗೇನು ಮಾಡ್ತಿದ್ದೀಯ ಎಂದು ಕೇಳಿದಾಗ ವಿವರವಾಗಿ ಹೇಳಿದೆ: ನೀರಿನ ಮೇಲೆ ಹಲಗೆ, ಹಲಗೆಯ ಮೇಲೆ ಹಾಯಿ, ಹಾಯಿಯ ಎರಡೂ ಪಕ್ಕಕ್ಕೆ ಬಿಲ್ಲಿನ ಹಾಗೆ ಬಾಗಿದ ಕೊಳವೆ. ಅದನ್ನು ಬೂಮ್ ಅನ್ನುತ್ತಾರೆ, ಅದನ್ನು ಹಿಡಿದುಕೊಂಡೇ ಜನ ಗಾಳಿಯಲ್ಲಿ ಓಡುವುದು. ಅದರ ಮೇಲಿನ ರಬ್ಬರಿನ ಗ್ರಿಪ್ ಸವೆದರೆ ಕಿತ್ತು ಹೊಸದು ಹಾಕುವುದು ನನ್ನ ಕೆಲಸ. ಅವಳು "ಇದಕ್ಕೆ ಕನ್ನಡ ಎಂ.ಎ. ಬೇಕಾಗಿತ್ತೇನೇ?" ಎಂದಳು. ಬೇಕಾಗಿರಲಿಲ್ಲ. ಆದರೆ ನನಗೆ ಈ ಕೆಲಸ ಇಷ್ಟ. ಹಳೆಯ ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ, ಒಬ್ಬೊಬ್ಬರ ಕೈ ಎಲ್ಲೆಲ್ಲಿ ಕೂತಿತ್ತು ಎನ್ನುವ ಗುಳಿಗಳು ಕಾಣುತ್ತವೆ. ಅಪ್ಪ ಆ ಗುಳಿಗಳನ್ನು ನೋಡಿಯೇ ತಮ್ಮ ಶಿಷ್ಯರ ಜಾತಕ ಹೇಳುತ್ತಿದ್ದರು. "ಇವನಿಗೆ ಎಡಗಡೆ ತಿರುಗೋಕೆ ಭಯ. ಇವಳು ಉಂಗುರ ಬಿಚ್ಚಲ್ಲ, ಹೇಳಿ ಹೇಳಿ ಸಾಕಾಯ್ತು."

ಎರಡು ತಿಂಗಳ ಹಿಂದೆ ಅಪ್ಪ ತಮ್ಮ ಬೂಮ್ ತಂದು ಮೇಜಿನ ಮೇಲಿಟ್ಟು, "ಗ್ರಿಪ್ ಸವೆದಿದೆ, ಜಾರ್ತಾ ಇದೆ, ಬದಲಾಯಿಸು" ಎಂದರು. ನಿಜಕ್ಕೂ ಸವೆದಿತ್ತು. ಕಿತ್ತು, ಹಳೆಯ ಅಂಟನ್ನು ಥಿನ್ನರ್ ಹಾಕಿ ಉಜ್ಜಿ ತೆಗೆದು, ಹೊಸದನ್ನು ಕೂರಿಸಿ, ನಿನ್ನ ಬಾಗಿದ ಸೂಜಿಯಲ್ಲೇ ಹೊಲಿದೆ. ಹೊಲಿಗೆ ಅಂಗೈಗೆ ತಾಗದ ಹಾಗೆ ಕೆಳಗೆ ಬಂದಿತ್ತು. ನೀನು ನೋಡಿದ್ದರೆ ಬೈಯುತ್ತಿರಲಿಲ್ಲ.

ಹತ್ತು ದಿನಕ್ಕೆ ವಾಪಸ್ ತಂದರು. "ಇದೇನು ಗ್ರಿಪ್ಪಾ, ಬೆಣ್ಣೆ ಸವರಿದ್ದೀಯಾ?" ತೆಳ್ಳಗಿನದು ಹಾಕಿದೆ. ಅದೂ ಜಾರಿತು. ತರಿತರಿಯಾದದ್ದು ಹಾಕಿದೆ. "ನಿನ್ನ ಕವಿಗಳು ಇದಕ್ಕಿಂತ ಗಟ್ಟಿಯಾಗಿ ಹಿಡ್ಕೋತಾರೆ ಕಣೇ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಮೂರನೆಯ ಗ್ರಿಪ್ಪನ್ನು ಒರೆಸುವಾಗ ನೋಡಿದೆ: ಅದರ ಮೇಲೆ ಎಲ್ಲೂ ಗುಳಿಯೇ ಬಿದ್ದಿರಲಿಲ್ಲ. ಹದಿನೈದು ದಿನ ಯಾರೂ ಅದನ್ನು ಹಿಡಿದೇ ಇಲ್ಲವೇನೋ ಎನ್ನುವ ಹಾಗೆ ಇತ್ತು.

ಆಮೇಲೆ ಒಂದೊಂದಾಗಿ ಕಾಣತೊಡಗಿತು. ಅಪ್ಪ ಗುಂಡಿ ಇರುವ ಅಂಗಿ ಹಾಕುವುದನ್ನು ಬಿಟ್ಟಿದ್ದಾರೆ. ಟೀ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಎತ್ತುತ್ತಾರೆ. ಒಡೆದ ಲೋಟಗಳನ್ನು ನಾನು ಗುಡಿಸುವಾಗ, "ಈಗಿನ ಗಾಜೇ ಹಾಗೆ, ತೆಳು" ಎನ್ನುತ್ತಾರೆ. ಬೀಗದ ಕೈ ಹುಡುಕಲು ಜೇಬಿಗೆ ಕೈ ಹಾಕಿದವರು, ಜೇಬಿನೊಳಗೆ ಇಣುಕಿ ನೋಡುತ್ತಾರೆ.

ಅವರ ಕುತ್ತಿಗೆ ನೋವನ್ನೇ ನೆಪ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆ ಮುಗಿಯುತ್ತಲೇ ಅಪ್ಪ ಕಿಟಕಿಯಾಚೆ ಮರದ ಕೊಂಬೆಗಳನ್ನು ನೋಡಿ, "ಗಾಳಿ ಎದ್ದಿದೆ, ನೀನು ಚೀಟಿ ಬರೆಸ್ಕೊಂಡು ಬಾ" ಎಂದು ಹೊರಟೇಬಿಟ್ಟರು. ಡಾಕ್ಟರು ನನಗೆ ಹೇಳಿದರು. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆಯಂತೆ, ಬೆರಳುಗಳ ಸ್ಪರ್ಶ ಹೋಗಿದೆಯಂತೆ. ಆಪರೇಷನ್ ಮಾಡಿದರೆ ಇನ್ನಷ್ಟು ಹೋಗದಂತೆ ತಡೆಯಬಹುದು, ಹೋದದ್ದು ಬರುವ ಭರವಸೆ ಕಡಿಮೆ. "ನೀರಿಗೆ ಮಾತ್ರ ಇಳಿಯೋ ಹಾಗಿಲ್ಲ. ಮನೇಲಿ ಕೂತು ನಿಧಾನವಾಗಿ ನೀವೇ ಹೇಳಿ" ಎಂದರು. ಮನೆಗೆ ಬಂದೆ. ಅಪ್ಪ "ಏನಂತೆ?" ಎಂದರು. "ವಿಟಮಿನ್ ಕಡಿಮೆಯಂತೆ" ಎಂದೆ. ಅಮ್ಮಾ, ನಾನು ಹಾಗೆ ಹೇಳಿದೆ. ಚೀಟಿ ನನ್ನ ನಿಘಂಟಿನೊಳಗಿದೆ.

ಹೋದ ವಾರ ಟಿಕೆಟ್ ಸರ್ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ನಿನಗೆ ನೆನಪಿರಬೇಕು, ರೈಲ್ವೆಯಿಂದ ನಿವೃತ್ತಿಯಾಗಿ, ಅರವತ್ತನೇ ವಯಸ್ಸಿಗೆ ಅಪ್ಪನ ಹತ್ತಿರ ಹಾಯಿ ಕಲಿಯಲು ಬಂದವರು. ಅವತ್ತು ಗಾಳಿ ಏನೂ ಇರಲಿಲ್ಲ, ಮಕ್ಕಳು ಆಡುವಷ್ಟು ಗಾಳಿ. ಅಪ್ಪ ನೀರಿಗೆ ಬಿದ್ದರಂತೆ. ಮತ್ತೆ ಹತ್ತಲು ನೋಡಿ ಮತ್ತೆ ಬಿದ್ದರಂತೆ. ಕೊನೆಗೆ ಹಲಗೆಯ ಮೇಲೆ ಕವುಚಿ ಮಲಗಿಸಿ ಇವರೇ ಎಳೆದುಕೊಂಡು ಬಂದಿದ್ದಾರೆ. "ಅವರು ಕೈ ಬಿಟ್ಟಿದ್ದು ನಾನು ನೋಡ್ದೆ ಮಗೂ" ಎಂದರು. "ಆದ್ರೆ ಕೈ ಬಿಟ್ಟಿದ್ದು ಅವರಿಗೇ ಗೊತ್ತಾಗ್ಲಿಲ್ಲ. ಇನ್ನೂ ಹಿಡ್ಕೊಂಡೇ ಇದ್ದೀನಿ ಅನ್ನೋ ಮುಖದಲ್ಲೇ ಬಿದ್ರು."

ಬರುವ ಭಾನುವಾರ ದೀಪಸ್ತಂಭದ ತನಕ ಹೋಗಿ ಬರುವ ದಿನ. ಪ್ರತಿ ವರ್ಷದ ಹಾಗೆ ಅಪ್ಪ ಮುಂದೆ, ಶಿಷ್ಯರೆಲ್ಲ ಹಿಂದೆ. ಕೊಲ್ಲಿಯ ಬಾಯಿ ದಾಟಿದ ಮೇಲೆ ಸೆಳೆತ ಹೇಗಿರುತ್ತದೆ ಎಂದು ನಿನಗೆ ನಾನು ಹೇಳಬೇಕಿಲ್ಲ.

ಈಗ ಮುಖ್ಯ ವಿಷಯ. ಇದನ್ನು ಯಾರಿಗೂ ಹೇಳಿಲ್ಲ. ಅಂಟು ಹಚ್ಚಿದ ಬೂಮ್‌ಗೆ ನೀನು ‘ನಾಳೆ’ ಎಂದು ಬರೆದ ರಟ್ಟು ನೇತುಹಾಕುವ ಪದ್ಧತಿ ಇನ್ನೂ ಇದೆ. ಅದೇ ರಟ್ಟು, ನಿನ್ನದೇ ದುಂಡು ಅಕ್ಷರ, ಒಂದು ಮೂಲೆ ಮಾತ್ರ ಇಲಿ ತಿಂದಿದೆ. ಅದು ತೂಗುತ್ತಿದ್ದರೆ ಒಂದಿಡೀ ದಿನ ಯಾರೂ ಆ ಬೂಮ್ ಮುಟ್ಟುವಂತಿಲ್ಲ. ಅಪ್ಪನೂ ಮುಟ್ಟುವುದಿಲ್ಲ. ಸೋಮವಾರ ನಾಲ್ಕನೆಯ ಗ್ರಿಪ್ ಹಾಕಿದೆ. ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ಬಟ್ಟೆಗೆ ಥಿನ್ನರ್ ಅದ್ದಿ, ನಾಲ್ಕು ಬೆರಳಿನಷ್ಟು ತುದಿ ಎಬ್ಬಿಸಿದೆ. ಬೆಳಿಗ್ಗೆ ಏನೂ ಗೊತ್ತಿಲ್ಲದವಳ ಹಾಗೆ "ಅಪ್ಪಾ, ತುದಿ ಎದ್ದಿದೆ" ಎಂದೆ. ಮತ್ತೆ ಅಂಟು, ಮತ್ತೆ ರಟ್ಟು. ಮಂಗಳವಾರವೂ ಹಾಗೆಯೇ. ಬುಧವಾರವೂ. ಬಾಯಲ್ಲಿ ಹೇಳಲಾಗದ್ದನ್ನು ನಾನು ಅಂಟಿನ ಕೈಯಲ್ಲಿ ಹೇಳಿಸುತ್ತಿದ್ದೇನೆ.

ಬೇರೆ ಬೂಮ್ ಹಿಡಿದು ಹೋಗಬಹುದಲ್ಲ ಎನ್ನುತ್ತೀಯೇನೋ. ಗೋಡೆಗೆ ಹನ್ನೊಂದು ಒರಗಿವೆ. ತಮ್ಮದಲ್ಲದ್ದನ್ನು ಅವರು ಮುಟ್ಟುವುದಿಲ್ಲ ಎಂದು ನಿನಗೇ ಗೊತ್ತು. ಬರೀ ವಾಸನೆಯಿಂದಲೇ ಯಾವ ಡಬ್ಬಿಯ ಅಂಟು ಕೆಟ್ಟಿದೆ ಎಂದು ಹೇಳುತ್ತಿದ್ದವರು, ಈ ಮೂರು ದಿನ "ಹವೆ ಸರಿಯಿಲ್ಲ ಬಿಡು, ತೇವ ಜಾಸ್ತಿ" ಎಂದಷ್ಟೇ ಹೇಳಿ ಕಿಟಕಿ ತೆರೆದಿಟ್ಟರು.

ಈ ಕಳ್ಳಾಟವೂ ಇವತ್ತಿಗೆ ಮುಗಿಯಿತು. ತುದಿಯ ರಬ್ಬರು ಪುಡಿ ಉದುರುತ್ತಿದೆ, ಇನ್ನೊಮ್ಮೆ ಥಿನ್ನರ್ ಹಚ್ಚಿದರೆ ಹರಿದು ನನ್ನ ಗುಟ್ಟು ಬಯಲಾಗುತ್ತದೆ. ಬೆಳಿಗ್ಗೆ ಸರಿಯಾಗಿ ಅಂಟಿಸಿ, ತುದಿಗೆ ಎರಡೆಳೆ ದಾರದಲ್ಲಿ ಹೊಲಿದು ಗಂಟು ಹಾಕಿದ್ದೇನೆ. ಸಂಜೆ ನಾನು ಅದನ್ನು ಮುಟ್ಟುವುದಿಲ್ಲ. ನಾಳೆ ಒಣಗಿರುತ್ತದೆ. ಆಮೇಲೆ ನನ್ನ ಹತ್ತಿರ ಬೇರೆ ನೆಪವಿಲ್ಲ.

ಅವರ ಮುಖಕ್ಕೆ ಮುಖ ಕೊಟ್ಟು ‘ಬೇಡ’ ಎಂದವಳು ನೀನೊಬ್ಬಳೇ. ಆಗ ಅವರು ಕೇಳಲಿಲ್ಲ, ನೀನು ಹೊರಟೆ. ಈ ಏಳು ವರ್ಷದಲ್ಲಿ ನಾನು ಯಾವತ್ತೂ ನಿನ್ನನ್ನು ವಾಪಸ್ ಬಾ ಎಂದು ಕೇಳಿಲ್ಲ. ಈಗಲೂ ಹಾಗೆ ಕೇಳುತ್ತಿಲ್ಲ. ಶನಿವಾರ ಬಂದು ಇನ್ನೊಂದು ಸಲ ‘ಬೇಡ’ ಎಂದು ಹೇಳು, ಅಷ್ಟೇ. ನಾಳೆ ಟಿಕೆಟ್ ಸರ್ ಮಗಳ ಮನೆಗೆಂದು ನಿಮ್ಮೂರಿಗೆ ಬರುತ್ತಿದ್ದಾರೆ, ಈ ಪತ್ರ ಅವರೇ ನಿನ್ನ ಕೈಗೆ ಕೊಡುತ್ತಾರೆ.

ನೀನೇ ಹೆಸರಿಟ್ಟ,
ದನಿ ಏರದ ನಿನ್ನ ಮೆಲ್ಲಿ

ಮತ್ತೊಂದು ಮಾತು: ಶುಕ್ರವಾರ, ಬೆಳಿಗ್ಗೆ. ಟಿಕೆಟ್ ಸರ್ ಹೊರಗೆ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಾನು ಬೂಮ್ ಮುಟ್ಟಲಿಲ್ಲ, ಅಮ್ಮಾ. ಇವತ್ತು ಶೆಡ್ಡಿನ ಬಾಗಿಲು ತೆಗೆದಾಗ ತುದಿ ಎದ್ದಿತ್ತು. ಎರಡೆಳೆ ದಾರ ಹರಿದಿತ್ತು. ಗಂಟಿನ ಹತ್ತಿರ ರಬ್ಬರಿನ ಮೇಲೆ ಹಲ್ಲಿನ ಗುರುತುಗಳಿವೆ. ಆ ಬೆರಳುಗಳಿಗೆ ಗಂಟು ಸಿಕ್ಕಿರಲಿಕ್ಕಿಲ್ಲ. ರಟ್ಟು ಆಗಲೇ ತೂಗುತ್ತಿತ್ತು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತು, "ಮತ್ತೆ ಎದ್ದಿದೆ ನೋಡೇ. ಇವತ್ತೂ ಆಗಲ್ಲ" ಎಂದರು. ನೀನು ಬಂದು ಅವರಿಗೆ ಹೇಳಬೇಕಾದದ್ದು ಏನೂ ಉಳಿದಿಲ್ಲ. ಆದರೂ ಬಾ. ನಾನು ಅವರಿಗೆ "ಹ್ಞೂಂ" ಎಂದು ಅಂಟಿನ ಡಬ್ಬಿ ತೆರೆದಿದ್ದೇನೆ.