ಹಿತ್ತಲಿನ ಒಲೆ

ಕಂಬೈನಲ್ಲೂರು
೨೪-೮-೨೦೨೫

ಪ್ರೀತಿಯ ತನ್ಮಯಿ,

ನಾಲ್ಕು ತಿಂಗಳಿಂದ ನಿನ್ನ ಕಾಗದಕ್ಕೆ ಉತ್ತರ ಬರೆಯದ ಪಾಪಿ ನಾನೇ. ಸೇಲಂ ಹಾಸ್ಟೆಲಿನಲ್ಲಿ ನೀನು ಕಿವಿ ಹಿಂಡಿ ಕಲಿಸಿದ ಕನ್ನಡ ಅಕ್ಷರಗಳು ಇನ್ನೂ ಕೈಯಲ್ಲಿವೆ. ಒತ್ತಕ್ಷರಗಳು ಮಾತ್ರ ಒತ್ತಾಯ ಮಾಡಿದರೆ ಬರುತ್ತವೆ. ತಪ್ಪಿದ್ದರೆ ತಿದ್ದಿಕೊಂಡು ಓದು, ಮಾರ್ಕ್ಸ್ ಹಾಕಿ ವಾಪಸು ಕಳಿಸಬೇಡ. ಮಗುವಿಗೆ ಹಲ್ಲು ಬಂತೇ?

ಇಲ್ಲಿನ ದೊಡ್ಡ ಸುದ್ದಿಯೆಂದರೆ ನಮ್ಮ ಮನೆ ಎರಡಾಯಿತು. ಗಾಬರಿಯಾಗಬೇಡ, ಸರ್ಕಾರದ ಕಾಗದದಲ್ಲಿ ಮಾತ್ರ.

ಹೆಂಗಸರಿಗೆ ತಿಂಗಳಿಗೆ ಸಾವಿರ ರೂಪಾಯಿ ಬರುತ್ತದಲ್ಲ, ಅದು ಒಂದು ರೇಷನ್ ಕಾರ್ಡಿಗೆ ಒಬ್ಬಳಿಗೇ, ಮನೆಯ ‘ತಲೈವಿ’ಗೆ, ಅಂದರೆ ಯಜಮಾನಿಗೆ. ನಮ್ಮಲ್ಲಿ ಅತ್ತೆ ಮುನಿರತ್ನಮ್ಮ ತಲೈವಿ, ನಾನು ತಲೆನೋವು. ತಿಂಗಳಿಗೊಮ್ಮೆ ಅವರ ಫೋನು ಟಿಣ್ ಎಂದಾಗ ಓದಿ ಹೇಳುವವಳು ನಾನು. ಬಿ.ಕಾಂ. ಮುಗಿಸಿ ಎರಡು ವರ್ಷ ಬೇರೆಯವರ ಟಿಣ್ ಓದಿದೆ. ನನ್ನ ಹೆಸರಿಗೂ ಒಂದು ಟಿಣ್ ಬೇಕೆನಿಸಿತು. ಧರ್ಮಪುರಿಯಲ್ಲಿ ಟ್ಯಾಲಿ ಕ್ಲಾಸಿಗೆ ಸೇರಬೇಕು, ಬಸ್ ಚಾರ್ಜಿಗೂ ಗಂಡನ ಜೇಬು ನೋಡುವುದು ಬೇಡ ಎಂಬ ಆಸೆ.

ಕಾರ್ಡು ಬೇರೆಯಾಗಬೇಕಾದರೆ ಅಡುಗೆಯೂ ಬೇರೆಯಿರಬೇಕಂತೆ. ಆಫೀಸಿನವರು ಮನೆಗೇ ಬಂದು ಒಲೆ ನೋಡುತ್ತಾರಂತೆ. ನಾನು ಅಳುಕುತ್ತಲೇ ಹೇಳಿದೆ. ಅತ್ತೆ ಯೋಚಿಸಲೇ ಇಲ್ಲ.

“ಅದಕ್ಯಾಕ್ಲೇ ಮೋರೆ ಊದಿಸ್ಕಂಡಿದ್ದೀಯ? ಇತ್ಲಲ್ಲಿ ಒಂದು ಅಡುಪ್ಪು ಇಟ್ರಾತು. ಒಂದಿನ ನಾನು ಅಲ್ಲೇ ಬೇಯಿಸ್ಕತೀನಿ.”

ನಮ್ಮೆಜಮಾನರು ಸುಬ್ರಮಣಿ ಮೊರಪ್ಪೂರಿನ ವೆಲ್ಡಿಂಗ್ ಶಾಪಿನಿಂದ ಕಬ್ಬಿಣದ ಒಲೆಯೊಂದನ್ನು ಮಾಡಿ ತಂದರು.

ಬಂದ ಅಧಿಕಾರಿಯ ಹೆಸರು ನಾಗರಾಜನ್. ಹಿತ್ತಲಲ್ಲಿ ಅತ್ತೆ ಮುದ್ದೆ ತೊಳಸುತ್ತಿದ್ದರು, ಒಳಗೆ ನನ್ನ ಸಾರು ಕುದಿಯುತ್ತಿತ್ತು. ಅವರು ಎರಡೂ ಒಲೆ ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೆಯತೊಡಗಿದರು. ಅಷ್ಟರಲ್ಲಿ ಅತ್ತೆ ಅಭ್ಯಾಸಬಲದಿಂದ ಹಿತ್ತಲಿಂದ ನೆಟ್ಟಗೆ ಒಳಗೆ ಬಂದು, ನನ್ನ ಸಾರನ್ನು ಅಂಗೈಗೆ ಬಿಟ್ಟು ನೆಕ್ಕಿ, “ಉಪ್ಪೇ ಇಲ್ವಲ್ಲೇ!” ಎಂದು ಒಂದು ಚಿಟಿಕೆ ಹಾಕಿಬಿಟ್ಟರು.

ಅಧಿಕಾರಿಯ ಪೆನ್ನು ನಿಂತಿತು. “ಎನ್ನಮ್ಮಾ, ತನಿ ಸಮಯಲ್ನು ಸೊನ್ನೀಂಗ?” ಬೇರೆ ಅಡುಗೆ ಅಂದಿರಲ್ಲ!

ಅತ್ತೆ ಸೊಂಟಕ್ಕೆ ಕೈಯಿಟ್ಟರು. “ತನಿಯೇ ಸಾಮಿ! ಇವಳ ಸಾರು ನಾಯೂ ಮೂಸಲ್ಲ, ಅದ್ಕೇ ಬ್ಯಾರೆ ಓಗಿದ್ದು!” ನನ್ನತ್ತ ಕಣ್ಣು ಮಿಟುಕಿಸಿದರು.

ನಾನೂ ಸೆರಗು ಸಿಕ್ಕಿಸಿದೆ. “ನೀವು ಉಪ್ಪು ಆಕಿ ಆಕಿ ನಂಗೆ ಬಿ.ಪಿ. ಬಂದೈತೆ!”

“ಮದ್ವೇಲಿ ನಿಮ್ಮಣ್ಣ ಕೊಟ್ಟ ಸೀರೆ ಒಂದೇ ಒಗೆತಕ್ಕೆ ಸೊಳ್ಳೆಪರದೆ ಆತು!”

ಪಕ್ಕದ ಮನೆಯ ಚಿನ್ನಪ್ಪ ಜಗಳ ಬಿಡಿಸಲು ಗೋಡೆ ಹಾರಿ ಬಂದ. ಅವನನ್ನು ಕಂಡು ನನಗೆ ಇನ್ನಷ್ಟು ಹುರುಪು ಬಂತು. “ನಿಮ್ ಜತೆ ಒಂದೇ ಒಲೇಲಿ ಬೇಯೋದು ನಂಗೆ ಸಾಕಾಗೋಗೈತೆ!” ಎಂದು ಕಿರುಚಿಬಿಟ್ಟೆ. ನಾಗರಾಜನ್ ಟೀ ಕೂಡ ಕುಡಿಯದೆ ಸೈನ್ ಹಾಕಿ ಗಾಡಿ ಹತ್ತಿದರು. ನಾನು ನಕ್ಕು ನಕ್ಕು ನೆಲದ ಮೇಲೆ ಕೂತೆ. ಅತ್ತೆಯೂ ನಕ್ಕರು, ಸ್ವಲ್ಪ.

ಹೊಸ ಕಾರ್ಡು ಬಂದಿದೆ, ಅರ್ಜಿ ಕೊಟ್ಟಿದ್ದೇನೆ. “ನಾನು ಯಾವ ಕಾರ್ಡಲ್ಲಿ ಉಣ್ಲಿ?” ಎಂದು ಸುಬ್ರಮಣಿ ದಿನವೂ ತಟ್ಟೆ ಹಿಡಿದು ಕೇಳುತ್ತಾರೆ. ಟಿಣ್ ಬಂದ ದಿನ ಮೊದಲ ಫೋನು ನಿನಗೇ.

ಮಗುವಿನ ಹೊಟ್ಟೆ ತಣ್ಣಗಿರಲಿ, ನಿನ್ನ ನಗು ಬೆಚ್ಚಗಿರಲಿ.

ನಿನ್ನ
ಮೇನಕಾ

ಬರೆಯಬಾರದೆಂದುಕೊಂಡಿದ್ದು: ಅಧಿಕಾರಿ ಬಂದುಹೋಗಿ ಎರಡು ತಿಂಗಳಾಯಿತು. ಅತ್ತೆ ಇನ್ನೂ ಹಿತ್ತಲಲ್ಲೇ ಬೇಯಿಸಿಕೊಳ್ಳುತ್ತಾರೆ. ಕರೆದರೆ, “ನಿಂಗ್ಯಾಕೆ ತೊಂದ್ರೆ ಕಣಮ್ಮ” ಅನ್ನುತ್ತಾರೆ. ಮೊನ್ನೆ ಒಂದು ಬಟ್ಟಲು ಪಾಯಸ ಕೊಟ್ಟುಬಂದೆ. ಸಂಜೆ ಬಟ್ಟಲು ತೊಳೆದು ವಾಪಸು ಬಂತು, ಒಳಗೆ ಒಂದು ಚಮಚ ಸಕ್ಕರೆ. ನಿನಗೆ ಗೊತ್ತಲ್ಲ ತನ್ಮಯಿ, ಪಕ್ಕದ ಮನೆಯವರ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಹಿಂತಿರುಗಿಸುವುದಿಲ್ಲ.